ಆಹೇರದ ಟ್ರಂಕಿನಲ್ಲಿ ಮಾಗಿದ ವೈನು

ಒಂದು ವಸ್ತುವನ್ನು ಅಡಗಿಸಿಡುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಇಡೀ ಲಕ್ಷ್ಮೇಶ್ವರದಲ್ಲಿ ಇಲ್ಲ ಎಂದು ಈ ಬೇಸಿಗೆಯವರೆಗೂ ನಾನು ದೃಢವಾಗಿ ನಂಬಿದ್ದೆ. ಸಕ್ಕರೆ ಕಾಯಿಲೆ ಬಂದ ಮೇಲೂ ಪೇಢೆಯ ಪೊಟ್ಟಣವನ್ನು ಡ್ರಾಯಿಂಗ್ ಹಾಳೆಗಳ ಸುರುಳಿಯೊಳಗೆ ತೂರಿಸಿಟ್ಟು ವಾರಗಟ್ಟಲೆ ತಿಂದವನು ನಾನು. ಹೆಂಡತಿಗೆ ಸುಳಿವು ಸಿಗಲಿಲ್ಲ. ಇರುವೆಗಳಿಗೆ ಸಿಕ್ಕಿತು, ಆ ಮಾತು ಬೇರೆ.

ನಾನು ಹೈಸ್ಕೂಲಿನ ಚಿತ್ರಕಲಾ ಶಿಕ್ಷಕ, ಊರವರ ಬಾಯಲ್ಲಿ ಡ್ರಾಯಿಂಗ್ ಮಾಸ್ತರ. ಇದಕ್ಕಿಂತ ದೊಡ್ಡ ಪರಿಚಯ ಬೇಕೆಂದರೆ ನಾನು ನೀಲವ್ವನ ಗಂಡ. ನೀಲವ್ವ ಎಂದರೆ ನಮ್ಮ ಓಣಿಯ ಮಹಿಳಾ ಸಂಘದ ಅಧ್ಯಕ್ಷೆ. ನಾಲ್ಕು ಓಣಿಯ ಹೆಣ್ಣುಮಕ್ಕಳನ್ನು ಕಸಬರಿಗೆ ಸಮೇತ ಕರೆದೊಯ್ದು ಸಾರಾಯಿ ಅಂಗಡಿಯ ಮುಂದೆ ಕೂರಿಸಿ, ಅದರ ಬಾಗಿಲು ಮುಚ್ಚಿಸಿದ ವೀರವನಿತೆ! ಕಸಬರಿಗೆ ಎತ್ತಿ ಹಿಡಿದ ಅವಳ ಫೋಟೋ ಪೇಪರಿನಲ್ಲಿ ಬಂದಿತ್ತು. ಅದಕ್ಕೆ ಕಟ್ಟು ಹಾಕಿಸಿ ನಡುಮನೆಯಲ್ಲಿ ನೇತುಹಾಕಿದ್ದೇವೆ. ನಾನು ದಿನಾಲೂ ಅದರ ಕೆಳಗೇ ಊಟಕ್ಕೆ ಕೂರುತ್ತೇನೆ. ಊರವರೆಲ್ಲ ಅವಳನ್ನು 'ಅಧ್ಯಕ್ಷರು' ಎನ್ನುತ್ತಾರೆ. ಮನೆಯಲ್ಲಿ ನನ್ನ ಅಭಿಪ್ರಾಯವೂ ಅದೇ.

ಇಂಥವಳ ಗಂಡನಾದ ನಾನು ಆವರೆಗೆ ಒಂದು ಹನಿ ಮದ್ಯವನ್ನೂ ಮುಟ್ಟಿದವನಲ್ಲ. ಇದು ನನ್ನ ಶೀಲದ ಪ್ರತಾಪ ಎಂದು ಹೇಳಿಕೊಳ್ಳಬಹುದಿತ್ತು. ಖರೆ ಹೇಳಬೇಕೆಂದರೆ ಯಾರೂ ನನಗೆ ಕೊಟ್ಟಿರಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ, ನೀಲವ್ವ ಮೀಟಿಂಗಿಗೆ ಹೋದ ಹೊತ್ತಿಗೆ, ನನ್ನ ಹಳೆಯ ವಿದ್ಯಾರ್ಥಿ ಮಂಜುನಾಥ ಮನೆಗೆ ಬಂದ. ವಿಜಯಪುರದ ಕಡೆ ದ್ರಾಕ್ಷಿ ತೋಟಗಳ ನಡುವೆ ಇರುವ ಒಂದು ವೈನ್ ಕಾರ್ಖಾನೆಯಲ್ಲಿ ಅವನಿಗೆ ಕೆಲಸ. ಕಾಲಿಗೆ ಬಿದ್ದು, ಬಂಗಾರ ಬಣ್ಣದ ಕಾಗದ ಸುತ್ತಿದ ಒಂದು ಉದ್ದನೆಯ ಡಬ್ಬಿಯನ್ನು ನನ್ನ ಕೈಗಿಟ್ಟ. ಬಿಚ್ಚಿದರೆ ಒಳಗೆ ಕಪ್ಪಗೆ ಮಿರುಗುವ ಬಾಟಲಿ!

"ಸರ, ಬಾಟ್ಲಿ ಮ್ಯಾಲಿನ ಚಿತ್ರ ನೋಡ್ರಿ. ನಾನ ಬಿಡಿಸಿದ್ದು. ದ್ರಾಕ್ಷಿ ಗೊಂಚಲಕ್ಕ ನೆರಳು ಹೆಂಗ ಹಾಕಬೇಕಂತ ನೀವ ಕಲಿಸಿದ್ರಿ."

ನೋಡಿದೆ. ನೆರಳು ಬೆಳಕಿನ ಕಡೆಗೇ ಬಿದ್ದಿತ್ತು. ಆದರೂ ಹೃದಯ ತುಂಬಿ ಬಂತು.

"ಅಲ್ಲೋ, ಇದು ಶೆರೆ ಅಲ್ಲೇನೋ?"

"ಎಂಥಾ ಶೆರೆರಿ ಸರ! ಇದು ಕೆಂಪು ವೈನ್. ವರ್ಷಾನುಗಟ್ಟಲೆ ಕತ್ತಲದಾಗ ಮಲಗಿ ಮಾಗೇತಿ. ಒಗರೆಲ್ಲಾ ಹೋಗಿ ಮೆತ್ತಗಾಗೇತಿ. ಈಗ ಕುಡ್ಯಾಕ ಬರೋಬ್ಬರಿ ತಯಾರ್ ಐತಿ. ಇನ್ನ ಭಾಳ ದಿನ ಇಡಬ್ಯಾಡ್ರಿ, ರುಚಿ ಇಳೀತೈತಿ."

ನನ್ನ ನಿವೃತ್ತಿ ಹತ್ತಿರ ಬಂದಿತ್ತು. ಕತ್ತಲಲ್ಲಿ ಮಲಗಿ, ಒಗರು ಹೋಗಿ, ಮೆತ್ತಗಾಗಿ, ಇನ್ನು ಇಟ್ಟರೆ ಇಳಿಯುತ್ತದೆ ಎಂಬ ಈ ವರ್ಣನೆ ಯಾಕೋ ನನಗೇ ಮಾಡಿದ ಹಾಗೆ ಕೇಳಿಸಿತು. ಇದನ್ನು ಒಂದು ಸಲ, ಒಂದೇ ಒಂದು ಸಲ, ರುಚಿ ನೋಡದೆ ಬಿಡಬಾರದು ಎಂದು ಅಲ್ಲೇ ತೀರ್ಮಾನಿಸಿದೆ.

"ಎಲ್ಲಿ ಇಡಬೇಕಪಾ ಇದನ್ನ?"

"ತಂಪು ಜಾಗಾದಾಗ, ಕತ್ತಲದಾಗ, ಅಡ್ಡ ಮಲಗಿಸಿ ಇಡಬೇಕ್ರಿ. ಬೂಚಿಗೆ ವೈನ್ ತಾಗಿಕೊಂಡು ಇರಬೇಕು. ಕುಡ್ಯಾಕಿಂತ ಮೊದ್ಲ ಬೂಚ್ ತಗದು ಸ್ವಲ್ಪ ಹೊತ್ತು ಗಾಳಿಗೆ ಬಿಡ್ರಿ. ತಳದಾಗಿನ ಗಸಿ ಕುಡೀಬ್ಯಾಡ್ರಿ, ಮತ್ತ."

ಇಷ್ಟು ಶಾಸ್ತ್ರ ಹೇಳಿ ಅವನು ಬಸ್ಸು ಹತ್ತಿದ. ನಾನು ಸ್ಥಳ ಸಂಶೋಧನೆಗೆ ತೊಡಗಿದೆ.

ಅಡುಗೆಮನೆ ಅಧ್ಯಕ್ಷರ ಅಧೀನ. ಅಲಮಾರಿಯ ಬೀಗದ ಕೈ ಅಧ್ಯಕ್ಷರ ಸೊಂಟದಲ್ಲಿ. ಅಟ್ಟದ ಮೇಲೆ 'ಕುಡಿತ ಬಿಡಿ, ಮನೆ ಉಳಿಸಿ' ಎಂದು ನಾನೇ ಬರೆದುಕೊಟ್ಟ ಬ್ಯಾನರುಗಳು. ಮಾಳಿಗೆಯ ಮೇಲೆ ಇಡೋಣವೆಂದರೆ ನಮ್ಮ ಏಪ್ರಿಲ್ ಬಿಸಿಲಿಗೆ ಅಲ್ಲಿ ಹಪ್ಪಳ ತಾನೇ ಸುಟ್ಟುಕೊಳ್ಳುತ್ತದೆ. ಕೊನೆಗೆ ನನ್ನ ದೃಷ್ಟಿ ಮಂಚದ ಕೆಳಗಿನ ಆಹೇರದ ಟ್ರಂಕಿನ ಮೇಲೆ ಬಿತ್ತು.

ನಮ್ಮ ಕಡೆ ಆಹೇರದ ಟ್ರಂಕು ಇಲ್ಲದ ಮನೆ ಸಿಗಲಿಕ್ಕಿಲ್ಲ. ಮದುವೆ, ಮುಂಜಿವೆ, ವಾಸ್ತುಶಾಂತಿಗಳಲ್ಲಿ ನಮಗೆ ಉಡುಗೊರೆಯಾಗಿ ಬಂದ ಕುಬಸದ ಕಣ, ಟವೆಲ್ಲು, ಗೋಡೆ ಗಡಿಯಾರ, ಲೆಮನ್ ಸೆಟ್ಟು ಎಲ್ಲ ಅದರೊಳಗೆ ಇಳಿಯುತ್ತವೆ. ಇನ್ನೊಬ್ಬರ ಮನೆಯಲ್ಲಿ ಕಾರ್ಯವಾದಾಗ ಅದರಿಂದಲೇ ಒಂದನ್ನು ಎತ್ತಿ ಆಹೇರ ಮಾಡುತ್ತೇವೆ. ಸುತ್ತಿದ ಕಾಗದವನ್ನು ಯಾರೂ ಬಿಚ್ಚುವುದಿಲ್ಲ. ಬಿಚ್ಚಿದರೆ ಆ ವಸ್ತು ಮುಂದಿನ ಮನೆಗೆ ಹೋಗಲು ಅನರ್ಹವಾಗುತ್ತದೆ. ನಮ್ಮ ಮದುವೆಗೆ ಬಂದ ಒಂದು ಲೆಮನ್ ಸೆಟ್ಟು ನಮ್ಮ ಬಳಗದಲ್ಲಿ ಇನ್ನೂ ತಿರುಗಾಡುತ್ತಿದೆ. ಅದರಲ್ಲಿ ಯಾರೂ ಲಿಂಬು ಶರಬತ್ತು ಕುಡಿದಿಲ್ಲ.

ಟ್ರಂಕಿನೊಳಗೆ ಕತ್ತಲು! ಕೆಳಗೆ ಕಲ್ಲಿನ ನೆಲ, ತಂಪು! ಅಡ್ಡ ಮಲಗಿಸಲು ಜಾಗ! ಇನ್ನೇನು ಬೇಕು? ಬಾಟಲಿಯನ್ನು ಡಬ್ಬಿಯೊಳಗಿಟ್ಟು, ಬಂಗಾರದ ಕಾಗದವನ್ನು ಮೊದಲಿಗಿಂತ ಚೆನ್ನಾಗಿ ಸುತ್ತಿದೆ. ಇಷ್ಟು ವರ್ಷ ಮಕ್ಕಳಿಗೆ ಕಾಗದದ ಕೆಲಸ ಕಲಿಸಿದ ಕೈ. ಮೂಲೆಗಳು ಚೂಪಾಗಿ ಕೂತವು. ಮೇಲೆ ಕೆಂಪು ರಿಬ್ಬನ್ನಿನ ಒಂದು ಕಮಲದ ಹೂವನ್ನೂ ಮಾಡಿ ಅಂಟಿಸಿದೆ. ಅಷ್ಟೂ ಡಬ್ಬಿಗಳಲ್ಲಿ ಅದೊಂದೇ ಅರಮನೆಯಿಂದ ಬಂದಂತೆ ಕಾಣುತ್ತಿತ್ತು. ನನ್ನ ಕೈಚಳಕಕ್ಕೆ ನಾನೇ ಬೆರಗಾಗಿ ಮುಚ್ಚಳ ಮುಚ್ಚಿದೆ.

ಆ ಟ್ರಂಕು ಇರುವುದೇ ಅದರೊಳಗಿನ ವಸ್ತುಗಳನ್ನು ಮಂದಿಗೆ ಕೊಡುವುದಕ್ಕೆ ಎಂಬ ಸಣ್ಣ ಸಂಗತಿ ನನಗೆ ಹೊಳೆಯಲಿಲ್ಲ.

ಮುಂದಿನ ರವಿವಾರ ಶಿಗ್ಲಿಯಲ್ಲಿ ಫಕ್ಕೀರಪ್ಪನ ಹೊಸ ಮನೆಯ ವಾಸ್ತುಶಾಂತಿ. ಫಕ್ಕೀರಪ್ಪ ನೀಲವ್ವನ ಚಿಕ್ಕಪ್ಪನ ಮಗ. ಅಲ್ಲಿಂದ ಹಾಗೇ ಅವಳು ಸಂಜೆ ಬೆಳ್ಳಟ್ಟಿಯ ಒಂದು ಕುಡಿತ ವಿರೋಧಿ ಸಭೆಗೆ ಮುಖ್ಯ ಅತಿಥಿಯಾಗಿ ಹೋಗುವವಳಿದ್ದಳು. ಅಂದರೆ ಇಡೀ ದಿನ ಮನೆ ನನ್ನದು! ಇಂಥ ದಿವ್ಯ ಮುಹೂರ್ತ ಮತ್ತೆ ಬರಲಾರದು.

"ನನಗ ಆಗೂದಿಲ್ಲ ನೀಲಾ. ಮಕ್ಕಳ ಚಿತ್ರಕ್ಕ ಮಾರ್ಕ್ಸ್ ಹಾಕೂದು ಐತಿ. ನೀ ಹೋಗಿ ಬಾ," ಎಂದೆ, ಮುಖವನ್ನು ಆದಷ್ಟು ಸಪ್ಪಗೆ ಮಾಡಿಕೊಂಡು.

"ಹಂಗಂದ್ರ ಹೆಂಗ್ರಿ? ನನ್ನ ತವರ ಮನಿ ಮಂದಿ ಏನ ತಿಳ್ಕೊಂತಾರ?"

"ಕೆಲಸಾ ನೀಲಾ, ಕೆಲಸಾ!"

ಕರ್ತವ್ಯನಿಷ್ಠೆಗೆ ಅವಳು ತಲೆಬಾಗಿದಳು. ಬೆಳಿಗ್ಗೆ ಸಂಘದ ಹೆಣ್ಣುಮಕ್ಕಳ ಜೊತೆ ಟೆಂಪೋ ಹತ್ತಿ ಹೋದಳು.

ನಾನು ಸ್ನಾನ ಮಾಡಿ, ಬಿಳಿ ಧೋತರ, ಬಿಳಿ ಅಂಗಿ ಧರಿಸಿದೆ. ಮೊದಲ ಸಲ ಮಾಡುವ ಕೆಲಸವನ್ನು ಮರ್ಯಾದೆಯಿಂದ ಮಾಡಬೇಕು. ಪೇಟೆಗೆ ಹೋಗಿ ಬಿಸಿ ಮಿರ್ಚಿ, ಚುರುಮುರಿ ಕಟ್ಟಿಸಿಕೊಂಡೆ. ಬೂಚು ತೆಗೆಯುವ ಸಾಧನವನ್ನು ಕಬ್ಬಿಣ ಸಾಮಾನಿನ ಅಂಗಡಿಯಲ್ಲಿ ಹಿಂದಿನ ದಿನವೇ ಸಂಪಾದಿಸಿದ್ದೆ. ಒಂದು ದೊಡ್ಡ ತಿರುಪಿನ ಮೊಳೆ, ಒಂದು ಇಕ್ಕಳ. "ಏನ ಮಾಡಾಕ ಹೊಂಟೀರಿ ಮಾಸ್ತರ?" ಎಂದು ಅಂಗಡಿಯವನು ಕೇಳಿದ್ದಕ್ಕೆ "ಶಾಲಿ ಕೆಲಸಾ" ಎಂದಿದ್ದೆ. ಗಾಜಿನ ಲೋಟ ಮನೆಯಲ್ಲಿರಲಿಲ್ಲವಾದ್ದರಿಂದ ಸ್ಟೀಲಿನ ಲೋಟವನ್ನು ತಿಕ್ಕಿ ಇಟ್ಟೆ. ಕಸಬರಿಗೆ ಹಿಡಿದ ಫೋಟೋದ ಮುಖವನ್ನು ಗೋಡೆಯ ಕಡೆ ತಿರುಗಿಸಿದೆ.

ಟ್ರಂಕು ತೆರೆದೆ.

ಕುಬಸದ ಕಣ ಇತ್ತು. ಗೋಡೆ ಗಡಿಯಾರ ಇತ್ತು. ಟವೆಲ್ಲುಗಳ ರಾಶಿ ಇತ್ತು. ಬಂಗಾರದ ಡಬ್ಬಿ ಇರಲಿಲ್ಲ! ಎಲ್ಲವನ್ನೂ ನೆಲಕ್ಕೆ ಸುರಿದೆ. ಟ್ರಂಕನ್ನು ತಲೆಕೆಳಗು ಮಾಡಿ ಬಡಿದೆ. ಒಂದು ಜಿರಲೆ ಬಿತ್ತು. ನೀಲವ್ವನಿಗೆ ಫೋನು ಮಾಡಿದೆ.

"ನೀಲಾ, ಆಹೇರ ಏನ ಒಯ್ದಿ?"

"ಟ್ರಂಕಿನ್ಯಾಗ ಒಂದು ಬಂಗಾರ ಬಣ್ಣದ ಡಬ್ಬಿ ಇತ್ತಲ್ರಿ, ಅದನ್ನ ಒಯ್ದೆ. ನೀವಂತೂ ಬರಲಿಲ್ಲ, ಆಹೇರಾನರ ಭಾರಿ ಇರ್ಲಿ ಅಂತ. ಭಾಳ ವಜ್ಜಾ ಇತ್ತು ನೋಡ್ರಿ, ಬೆಳ್ಳಿ ಸಾಮಾನ ಇರಬೇಕು. ಯಾರು ಕೊಟ್ಟಿದ್ರರೀ ಅದನ್ನ?"

"ಕೊಟ್ಟ ಬಿಟ್ಟಿಯೇನು?"

"ಕೊಟ್ಟೆ. ಮೈಕಿನ್ಯಾಗ ಹೆಸರೂ ಕೂಗಿದ್ರು. ಮಹಿಳಾ ಸಂಘದ ಅಧ್ಯಕ್ಷೆ ನೀಲವ್ವಾರಿಂದ ಆಹೇರ ಅಂತ! ಎಲ್ಲಾರೂ ಚಪ್ಪಾಳೆ ಹೊಡದ್ರು."

ನನ್ನ ಮರ್ಯಾದೆ ಹೋದರೆ ಹೋಗಲಿ, ಅದರ ತೂಕ ನನಗೆ ಗೊತ್ತಿತ್ತು. ಆದರೆ ಫಕ್ಕೀರಪ್ಪ ಆ ಕಾಗದ ಬಿಚ್ಚಿದರೆ ಹೋಗುವುದು ನೀಲವ್ವನ ಹೆಸರು. ಬಿಸಿಲು, ಮಳೆ, ಗಂಡಸರ ಬೈಗುಳ ಎಲ್ಲ ತಿಂದು ಅವಳು ಗಳಿಸಿದ ಹೆಸರು. ಸಾರಾಯಿ ಅಂಗಡಿ ಮುಚ್ಚಿಸಿದವಳು ವಾಸ್ತುಶಾಂತಿಗೆ ಬಾಟಲಿ ಆಹೇರ ಮಾಡಿದಳು ಎಂದರೆ ಇಡೀ ಜಿಲ್ಲೆ ನಗುತ್ತದೆ. ಮಿರ್ಚಿಯನ್ನು ಅಲ್ಲೇ ಬಿಟ್ಟು, ಬದಲಿಗೆ ಕೊಡಲು ಒಂದು ಗೋಡೆ ಗಡಿಯಾರವನ್ನು ಕಂಕುಳಲ್ಲಿ ಇಟ್ಟುಕೊಂಡು ಸ್ಕೂಟರು ಒದ್ದೆ.

ಶಿಗ್ಲಿ ತಲುಪುವಷ್ಟರಲ್ಲಿ ನೀಲವ್ವನ ಟೆಂಪೋ ಬೆಳ್ಳಟ್ಟಿಗೆ ಹೊರಟುಹೋಗಿತ್ತು. ಫಕ್ಕೀರಪ್ಪ ಬಾಗಿಲಲ್ಲೇ ತಬ್ಬಿಕೊಂಡ.

"ಬರ್ರಿ ಮಾಮಾ! ಅಕ್ಕ ನೀವು ಬರೂದಿಲ್ಲ ಅಂದಿದ್ಲು. ಮೊದ್ಲ ಊಟಕ್ಕ ಕುಂಡ್ರಿ!"

"ಊಟ ಇರ್ಲೋ, ನನಗ ಒಂದು ಮಾತು..."

"ಊಟಾ ಮಾಡದ ಮಾತ ಇಲ್ಲ!"

ಕೂರಿಸಿಯೇಬಿಟ್ಟರು. ಹೋಳಿಗೆಯ ಮೇಲೆ ತುಪ್ಪ, ತುಪ್ಪದ ಮೇಲೆ ಮತ್ತೊಂದು ಹೋಳಿಗೆ. ನನ್ನ ಕಣ್ಣು ಮಾತ್ರ ಮೂಲೆಯಲ್ಲಿದ್ದ ಆಹೇರದ ರಾಶಿಯ ಮೇಲೆ. ಅಲ್ಲಿ ಬಂಗಾರದ ಬಣ್ಣ ಕಾಣಲಿಲ್ಲ. ಕೈ ತೊಳೆದವನೇ ಫಕ್ಕೀರಪ್ಪನನ್ನು ಹಿತ್ತಲಿಗೆ ಎಳೆದುಕೊಂಡು ಹೋದೆ.

"ನಿಮ್ಮ ಅಕ್ಕ ಗಡಬಡಿಯೊಳಗ ಬ್ಯಾರೆ ಡಬ್ಬಿ ಕೊಟ್ಟಾಳಪಾ. ಅದು ಶಾಲಿ ಸಾಮಾನ. ಅದನ್ನ ಕೊಡು, ಈ ಗಡಿಯಾರ ಇಟ್ಕೊ."

"ಏನ ಐತ್ರಿ ಅದರಾಗ?"

"ಬಣ್ಣ."

"ಎಂಥಾ ಬಣ್ಣ?"

"ಕೆಂಪು." ಸುಳ್ಳಿನ ನಡುವೆ ಇಷ್ಟಾದರೂ ಸತ್ಯವಿರಲಿ ಎಂದು ಹೇಳಿದೆ.

ಫಕ್ಕೀರಪ್ಪನ ಮುಖ ಸಣ್ಣದಾಯಿತು. ತಲೆ ಕೆರೆದುಕೊಂಡ. ಸುತ್ತ ಮುತ್ತ ನೋಡಿದ.

"ಮಾಮಾ, ಅಕ್ಕಗ ಮಾತ್ರ ಹೇಳಬ್ಯಾಡ್ರಿ. ನಮ್ಮ ಬೆಳ್ಳಟ್ಟಿ ಬೀಗರು ಬಂದಿದ್ರು. ಹೋಗ್ತಾ ಅವರ ಕೈಯಾಗ ಏನರ ಕೊಡಬೇಕಲ್ರಿ? ರಾಶಿಯೊಳಗ ಎಲ್ಲಾದಕ್ಕಿಂತ ಅದ ಚಂದ ಕಾಣ್ತು. ಏನ ಸುತ್ತೀರ್ರೀ ಕಾಗದ! ಅದನ್ನ ಕೊಟ್ಟು ಕಳಿಸಿಬಿಟ್ಟೆ."

ಮದುವೆಯಾದ ಅಕ್ಕ ಕೊಟ್ಟ ಆಹೇರವನ್ನು ಅದೇ ದಿನ ಬೀಗರಿಗೆ ದಾಟಿಸುವುದು ನಮ್ಮಲ್ಲಿ ದೊಡ್ಡ ಅಪರಾಧ. ಒಂದು ವಾರವಾದರೂ ಕಾಯಬೇಕು. ಅವನು ನನಗೆ ಕೈ ಮುಗಿದ. ನಾನೂ ಅವನಿಗೆ ಕೈ ಮುಗಿದೆ. ಇಬ್ಬರು ಕಳ್ಳರು ಹೀಗೆ ಗೌರವದಿಂದ ಬೀಳ್ಕೊಂಡೆವು.

ಹೊಟ್ಟೆಯಲ್ಲಿ ಹೋಳಿಗೆ, ನೆತ್ತಿಯ ಮೇಲೆ ಬಿಸಿಲು, ಕಂಕುಳಲ್ಲಿ ಗಡಿಯಾರ. ಲಕ್ಷ್ಮೇಶ್ವರಕ್ಕೆ ಹಿಂದಿರುಗಿ, ಶಿರಹಟ್ಟಿ ಹಾದು ಬೆಳ್ಳಟ್ಟಿಯ ದಾರಿ ಹಿಡಿದೆ. ದಾರಿಯ ಮಧ್ಯೆ ಒಂದು ಕುರಿಹಿಂಡು ಅಡ್ಡ ಬಂತು. ನಾನು ಹಾರ್ನು ಒತ್ತಿದೆ. ಕುರಿಗಳು ನಿಂತು ನನ್ನನ್ನೇ ನೋಡಿದವು. ಕುರುಬ ಗಡಿಯಾರ ನೋಡಿ, "ಮಾರಾಕ ಬಂದೀರೇನ್ರಿ?" ಎಂದು ಕೇಳಿದ.

ಬೀಗರಾದ ಚನಬಸಗೌಡರ ಮನೆಯಲ್ಲಿ ಅವರ ಹೆಂಡತಿ ಗೌಡಶಾನಿ ಒಬ್ಬಳೇ ಇದ್ದಳು. ನನ್ನನ್ನು ಆಕೆ ಮುಂಚೆ ನೋಡಿದವಳಲ್ಲ. ಫಕ್ಕೀರಪ್ಪನ ಕಡೆಯವನು ಎಂದಷ್ಟೇ ಹೇಳಿ ಡಬ್ಬಿಯ ಸಂಗತಿ ಎತ್ತಿದೆ.

"ಆ ಬಂಗಾರದ ಡಬ್ಬೀನ? ಅದನ್ನ ನಮ್ಮ ಗೌಡ್ರು ಸಭಾಕ್ಕ ಒಯ್ದಾರ್ರಿ. ಮುಖ್ಯ ಅತಿಥಿಗೆ ಶಾಲು ತಂದಿದ್ರು, ಕಾಣಿಕಿ ತರೂದು ಮರ್ತಿದ್ರು. ಮನ್ಯಾಗ ಇಷ್ಟ ಚಂದಂದು ಐತಲ್ಲ, ಇದ ಆತು ಅಂತ ಒಯ್ದ್ರು."

"ಮುಖ್ಯ ಅತಿಥಿ..." ಎನ್ನುತ್ತ ಗಡಿಯಾರವನ್ನು ಇನ್ನೊಂದು ಕಂಕುಳಿಗೆ ದಾಟಿಸಿದೆ.

"ಲಕ್ಷ್ಮೇಶ್ವರದ ನೀಲವ್ವ ಅಂತ್ರಿ. ಶೆರೆ ಅಂಗಡಿ ಬಂದ್ ಮಾಡಿಸಿದಾಕಿ. ಭಾಳ ಕಡಕ್ ಹೆಣ್ಮಗಳಂತ. ಗಂಡನ್ನೂ ಅಂಜಿಸಿ ಇಟ್ಟಾಳಂತ. ನಿಮಗ ಗೊತ್ತೇನ್ರಿ ಅಕಿ?"

"ಕೇಳೀನಿ," ಎಂದೆ.

ಶಾಲೆಯ ಮುಂದಿನ ಕಲ್ಲಿನ ಕಟ್ಟೆಯೇ ವೇದಿಕೆ. ಎದುರಿಗೆ ಪೆಂಡಾಲು, ಅದರ ತುಂಬ ಜನ. ನೀಲವ್ವ ಮೈಕಿನ ಮುಂದೆ ಗುಡುಗುತ್ತಿದ್ದಳು. "ಮನ್ಯಾಗ ಒಂದು ಬಾಟ್ಲಿ ಹೊಕ್ಕರ ಆ ಮನಿ ಲಕ್ಷ್ಮಿ ಹೊರಗ ಹೋದಂಗ!" ಅವಳ ಹಿಂದೆ ಮೇಜಿನ ಮೇಲೆ ಶಾಲು, ಹಾರ, ಬುಟ್ಟಿಯ ತುಂಬ ಹಣ್ಣು. ಅವುಗಳ ನಡುವೆ ನನ್ನ ಕೆಂಪು ಕಮಲ ಅರಳಿ ಕೂತಿತ್ತು.

ನಾನು ಕಟ್ಟೆಯ ಹಿಂಭಾಗದಿಂದ ನುಸುಳಿದೆ. ನನ್ನ ಯೋಜನೆ ಸರಳವಾಗಿತ್ತು. ಗಡಿಯಾರ ಇಡುವುದು, ಡಬ್ಬಿ ಎತ್ತುವುದು, ಓಡುವುದು. ಗಡಿಯಾರ ಇಟ್ಟೆ. ಡಬ್ಬಿಗೆ ಕೈ ಹಾಕಿದೆ. ನನ್ನ ರಟ್ಟೆಯನ್ನು ಯಾರೋ ಹಿಡಿದರು. ಚನಬಸಗೌಡರು!

"ಯಾರ್ರಿ ನೀವು? ಏನ ಮಾಡಾಕತ್ತೀರಿ?"

"ನಾ... ಅಧ್ಯಕ್ಷರ ಮನಿಯವ್ರಿ."

ಗೌಡರ ಮುಖ ಅರಳಿತು. "ಅಯ್ಯೋ, ಮಾಸ್ತರ! ಕಳ್ಳರಂಗ ಹಿಂದಿಂದ ಯಾಕ ಬಂದ್ರಿ? ಬರ್ರಿ, ಮ್ಯಾಲ ಬರ್ರಿ!" ಎಂದು ನನ್ನನ್ನು ಎಳೆದುಕೊಂಡು ಹೋಗಿ ವೇದಿಕೆಯ ಮೇಲಿನ ಕುರ್ಚಿಯಲ್ಲಿ ಕೂರಿಸಿಯೇಬಿಟ್ಟರು. ನೀಲವ್ವ ಮಾತಿನ ಮಧ್ಯೆ ತಿರುಗಿ ನೋಡಿದಳು. ಮಾರ್ಕ್ಸ್ ಹಾಕುವ ಕೆಲಸ ಬಿಟ್ಟು ಗಂಡ ತನ್ನ ಭಾಷಣ ಕೇಳಲು ಓಡಿಬಂದಿದ್ದಾನೆ ಎಂದುಕೊಂಡಳೋ ಏನೋ, ಅವಳ ಕಣ್ಣಲ್ಲಿ ಒಂದು ಮಿಂಚು ಹರಿಯಿತು. ಅಷ್ಟು ಪ್ರೀತಿಯಿಂದ ಅವಳು ನನ್ನನ್ನು ನೋಡಿ ಎಷ್ಟೋ ವರ್ಷವಾಗಿತ್ತು. ನನಗೆ ಅಲ್ಲೇ ಭೂಮಿ ಬಾಯಿ ಬಿಡಬಾರದೇ ಅನಿಸಿತು.

ಭಾಷಣ ಮುಗಿಯಿತು. ಚಪ್ಪಾಳೆ. ಗೌಡರು ಹಾರ ಹಾಕಿಸಿದರು. ಆಮೇಲೆ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ನೀಲವ್ವನಿಗೆ ಕೊಟ್ಟರು.

ಇಲ್ಲಿಗೆ ಮುಗಿದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಕಾಣಿಕೆಯನ್ನು ವೇದಿಕೆಯ ಮೇಲೆ ಯಾರೂ ಬಿಚ್ಚುವುದಿಲ್ಲ. ಮನೆಗೆ ಒಯ್ದು ಟ್ರಂಕಿನಲ್ಲಿ ಇಡುತ್ತಾರೆ. ಆದರೆ ನೀಲವ್ವ ಡಬ್ಬಿಯನ್ನು ನೋಡಿದಳು. ಕಮಲವನ್ನು ನೋಡಿದಳು. ತೂಗಿ ನೋಡಿದಳು. ಅವಳ ಹುಬ್ಬು ಮೇಲೇರಿತು.

"ಇದು ನಾ ಕೊಟ್ಟ ಆಹೇರ!" ಎಂದಳು. ಮೈಕು ಚಾಲೂ ಇತ್ತು. "ಮುಂಜಾನೆ ನಾ ಶಿಗ್ಲ್ಯಾಗ ಫಕ್ಕೀರಪ್ಪಗ ಕೊಟ್ಟ ಡಬ್ಬಿ! ಅವ ನನ್ನ ಆಹೇರ ಇಲ್ಲಿ ದಾಟಿಸಿದನೇನು?"

"ಇರಲಾರದ್ರಿ ಅಧ್ಯಕ್ಷರ, ಒಂದ ನಮೂನಿ ಕಾಗದ ಇರ್ತಾವ," ಎಂದರು ಗೌಡರು, ಬೀಗರ ಮಾನ ಕಾಯಲು.

"ಬಿಚ್ಚಿ ನೋಡೂಣು! ಬೆಳ್ಳಿ ಸಾಮಾನ ಇದ್ರ ಅದ ಡಬ್ಬಿ!"

ಅವಳು ಕಾಗದದ ಮೂಲೆಗೆ ಉಗುರು ಹಾಕಿದಳು. ನಾನು ಕುರ್ಚಿಯಿಂದ ಹಾರಿದೆ. "ಬ್ಯಾಡ ನೀಲಾ!" ಎಂದು ಡಬ್ಬಿ ಹಿಡಿದೆಳೆದೆ. "ನೀವ್ಯಾಕ ಬರ್ತೀರಿ ನಡುವ?" ಎಂದು ಅವಳೂ ಎಳೆದಳು. ಮಾಸ್ತರ ಮತ್ತು ಅಧ್ಯಕ್ಷರು ತುಂಬಿದ ಸಭೆಯಲ್ಲಿ ಹಗ್ಗಜಗ್ಗಾಟ ಆಡಿದರು. ಕಾಗದ ಹರಿಯಿತು. ಡಬ್ಬಿಯ ಬಾಯಿ ಬಿಚ್ಚಿತು. ಬಾಟಲಿ ಜಾರಿ ಕಲ್ಲಿನ ಕಟ್ಟೆಯ ಮೇಲೆ ಬಿದ್ದು ಛಳ್ಳೆಂದು ಒಡೆಯಿತು!

ಆ ಸದ್ದನ್ನು ಮೈಕು ಊರ ಅಗಸಿ ಬಾಗಿಲಿನವರೆಗೂ ಮುಟ್ಟಿಸಿತು. ನನ್ನ ಬಿಳಿ ಧೋತರ, ಬಿಳಿ ಅಂಗಿ ಕೆಂಪಗಾದವು. ಮಾಗಿದ ಹಣ್ಣಿನ ಘಮ ಪೆಂಡಾಲನ್ನೆಲ್ಲ ತುಂಬಿತು. ಎಂಥ ಘಮ! ಒಣದ್ರಾಕ್ಷಿ, ಬೆಲ್ಲ, ಮಳೆ ಬಿದ್ದ ಎರೆಮಣ್ಣು ಎಲ್ಲ ಸೇರಿದಂತೆ. ಮುಂದಿನ ಸಾಲಿನಲ್ಲಿ ಕೂತಿದ್ದ ಕೆಲವು ಗಂಡಸರು ಕಣ್ಣು ಮುಚ್ಚಿ ದೀರ್ಘವಾಗಿ ಉಸಿರೆಳೆದುಕೊಂಡರು. ನನ್ನ ಮೀಸೆಯ ಮೇಲೆ ಒಂದು ಹನಿ ಸಿಡಿದಿತ್ತು. ನಾಲಿಗೆ ಚಾಚುವಷ್ಟರಲ್ಲಿ ಗೌಡರು ಗಾಬರಿಯಿಂದ ತಮ್ಮ ಟವೆಲ್ಲು ತೆಗೆದು ನನ್ನ ಮುಖ ಒರೆಸಿಬಿಟ್ಟರು.

"ಶೆರೆ ಬಾಟ್ಲಿ!" ಎಂದು ಯಾರೋ ಕೂಗಿದರು. "ಅಧ್ಯಕ್ಷರು ಕೊಟ್ಟ ಆಹೇರದಾಗ ಶೆರೆ ಬಾಟ್ಲಿ!"

ನೀಲವ್ವನ ಮುಖ ನೋಡಿದೆ. ಎಂಥ ಕಿಡಿಗೇಡಿ ಎದುರು ನಿಂತರೂ ಮಾತು ಸೋಲದವಳು ಬಾಯಿ ತೆರೆದು ನಿಂತಿದ್ದಳು. ನಾನು ಮೈಕು ಹಿಡಿದೆ.

"ಅದು ನಂದು," ಎಂದೆ. "ಬಾಟ್ಲಿ ನಂದು. ಅಕೀಗೆ ಗೊತ್ತಿರಲಿಲ್ಲ. ಮನಿಯೊಳಗ ಮುಚ್ಚಿ ಇಟ್ಟಿದ್ದೆ. ತಪ್ಪು ನಂದು. ಇವತ್ತ ನಿಮ್ಮೆಲ್ಲಾರ ಮುಂದ ಒಡದೈತಿ. ಇನ್ನ ಮುಟ್ಟೂದಿಲ್ಲ."

ಹೆಣ್ಣುಮಕ್ಕಳ ಕಡೆಯಿಂದ ಒಂದು ಚಪ್ಪಾಳೆ. ಹಿಂದೆಯೇ ಇಡೀ ಪೆಂಡಾಲು! ಚನಬಸಗೌಡರ ಕಣ್ಣಲ್ಲಿ ನೀರು.

"ನೋಡ್ರಿ! ಮೊದ್ಲ ತನ್ನ ಗಂಡನ್ನ ತಿದ್ದಿ ಆಮ್ಯಾಲ ಊರು ತಿದ್ದಾಕ ಬಂದ ತಾಯಿ! ಇಂಥಾ ಕುಡುಕ ಗಂಡನ್ನ ಕಟ್ಟಿಕೊಂಡು ಎಷ್ಟು ನೊಂದಿರಬೇಕು! ಎಲ್ಲಾರ ಮುಂದ ಬಾಟ್ಲಿ ಒಡದ ಈ ಮಾಸ್ತರ್ರೂ ದೊಡ್ಡವರು!"

ನೀಲವ್ವನಿಗೆಂದು ತಂದ ಶಾಲು ನನ್ನ ಹೆಗಲೇರಿತು. ಕುಡಿತ ಬಿಟ್ಟ ಆದರ್ಶ ಪುರುಷ ಎಂದು ನನಗೆ ಸನ್ಮಾನವಾಯಿತು. ನಾನು ತಂದ ಗೋಡೆ ಗಡಿಯಾರವನ್ನೇ ನನಗೆ ಕಾಣಿಕೆಯಾಗಿ ಕೊಟ್ಟರು!

ಬರುವಾಗ ನೀಲವ್ವ ಟೆಂಪೋ ಬಿಟ್ಟು ನನ್ನ ಸ್ಕೂಟರಿನ ಹಿಂದೆ ಕೂತಳು. ಶಿರಹಟ್ಟಿ ದಾಟುವವರೆಗೂ ಅವಳ ದೃಷ್ಟಿ ನನ್ನ ಬೆನ್ನಿನ ಮೇಲೇ ಇತ್ತು. ನನ್ನ ಬೆನ್ನಿಗೆ ಕಣ್ಣಿದ್ದಿದ್ದರೆ ಅದು ಮುಚ್ಚಿಕೊಳ್ಳುತ್ತಿತ್ತು.

"ಖರೆ ಹೇಳ್ರಿ. ಎಂದಿನಿಂದ ಕುಡೀತೀರಿ?"

"ನಿನ್ನಾಣಿ ನೀಲಾ, ಒಂದು ಹನೀನೂ ಕುಡದಿಲ್ಲ. ಶಿಷ್ಯ ತಂದು ಕೊಟ್ಟಿದ್ದು. ಭಾ...ಳ ಮಾಗೇತಿ ಅಂದ. ಒಂದ ಸಲ ರುಚಿ ನೋಡೂಣು ಅಂತ ಮಾಡಿದ್ದೆ. ಅದೂ ಆಗಲಿಲ್ಲ."

"ಒಂದು ಹನೀನೂ?"

"ಮೀಸಿ ಮ್ಯಾಲ ಬಿದ್ದಿತ್ತು. ಗೌಡ್ರು ಒರಸಿದ್ರು."

ಹಿಂದಿನಿಂದ ಒಂದು ಸದ್ದು ಬಂತು. ಅಳುತ್ತಿದ್ದಾಳೆಂದು ಹೆದರಿ ಸ್ಕೂಟರು ನಿಲ್ಲಿಸಿದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ನಗು ನಿಂತ ಮೇಲೆ ನನ್ನ ಅಂಗಿಯ ಕೆಂಪು ಕಲೆಯನ್ನು ಬೆರಳಿನಿಂದ ಮುಟ್ಟಿದಳು.

"ಮತ್ತ ಅಷ್ಟು ಮಂದಿ ಮುಂದ ಕುಡುಕ ಅನಿಸಿಕೊಂಡ್ರಿ?"

"ನಿನ್ನ ಹೆಸರು ಹೋಗತಿತ್ತಲ್ಲ."

ಸ್ಕೂಟರು ಹೊರಟ ಮೇಲೆ ನನ್ನ ಹೆಗಲ ಮೇಲೆ ಕೈ ಇಟ್ಟಳು. ಲಕ್ಷ್ಮೇಶ್ವರದವರೆಗೂ ತೆಗೆಯಲಿಲ್ಲ. ನಾನು ಕುಡಿದಿರಲಿಲ್ಲವಾದರೂ ಸ್ಕೂಟರು ಸ್ವಲ್ಪ ಓಲಾಡುತ್ತಲೇ ಬಂತು.

ಮನೆಯ ಬಾಗಿಲು ತೆರೆಯುವಾಗ ಮಾತ್ರ ಅವಳು ಮತ್ತೆ ಅಧ್ಯಕ್ಷೆಯಾದಳು. "ನೀವು ಕುಡದಿಲ್ಲ ಅನ್ನೂದು ಯಾರ ಮುಂದೂ ಹೇಳಬ್ಯಾಡ್ರಿ. ಕುಡದು ಬಿಟ್ಟವರು ಸಂಘಕ್ಕ ಭಾಳ ಬೇಕಾಗ್ಯಾರ."

ಈಗ ನಾನು ಊರೂರು ತಿರುಗುವ ಮಾಜಿ ಕುಡುಕ. ನನ್ನನ್ನು ಕಂಡರೆ ಶಾಲೆಯ ಹುಡುಗರ ತಾಯಂದಿರು ಕನಿಕರದಿಂದ ತಲೆಯಾಡಿಸುತ್ತಾರೆ. ಗದಗ, ಮುಂಡರಗಿಯಿಂದೆಲ್ಲ ಕರೆ ಬರುತ್ತದೆ. ಹಾಳಾದ ನನ್ನ ಗತಜೀವನದ ಬಗ್ಗೆ ನಾನು ಮನಕರಗುವಂತೆ ಮಾತಾಡುತ್ತೇನೆ. ಪಕ್ಕದಲ್ಲಿ ಕೂತ ನೀಲವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ. ಅವಳು ನಗು ತಡೆಯುತ್ತಿರುತ್ತಾಳೆ ಎಂಬುದು ನನಗೊಬ್ಬನಿಗೇ ಗೊತ್ತು.

ಮೊನ್ನೆ ಡೋಣಿಯಲ್ಲಿ ಸಭೆ. ಊರಿನ ಕುಡುಕರನ್ನೆಲ್ಲ ಹೆಂಡಂದಿರು ಹಿಡಿದು ತಂದು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ನನ್ನ ಭಾಷಣ ಮುಗಿದ ಮೇಲೆ ಅವರಲ್ಲಿ ಹಿರಿಯನೊಬ್ಬ ಎದ್ದು ನಿಂತ.

"ಮಾಸ್ತರ, ನೀವು ಎಷ್ಟು ಕುಡೀತಿದ್ರಿ?"

ನೀಲವ್ವ 'ಹೇಳ್ರಿ' ಎಂದು ಕಣ್ಣಲ್ಲೇ ತಿವಿದಳು. ಮಾಸ್ತರಿಕೆಯ ಚಟ, ಪ್ರಶ್ನೆಗೆ ತೀರ ಸುಳ್ಳು ಉತ್ತರ ಬಾಯಿಂದ ಬರಲಿಲ್ಲ.

"ಒಂದು ಬಾಟ್ಲಿ."

"ದಿನಕ್ಕೇನ್ರಿ?"

"ಇಲ್ಲ, ಒಟ್ಟಾ."

"ಹುಟ್ಟಿದಾಗಿಂದ?"

"ಹೂಂ. ಅದೂ ಒಡದ ಹೋತು."

ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಹೆಗಲ ಮೇಲಿನ ಟವೆಲ್ಲು ಝಾಡಿಸಿದ. ತನ್ನವರ ಕಡೆ ತಿರುಗಿ, "ಏಳ್ರೋ, ಹೋಗೂಣು! ಈ ಮನಶಾಗ ಕುಡ್ಯಾಕೂ ಬರೂದಿಲ್ಲ, ಬಿಡಾಕೂ ಬರೂದಿಲ್ಲ!" ಎಂದ.

ಇಡೀ ಸಾಲು ಎದ್ದು ಹೋಯಿತು. ನಾನು ಶಾಲು ಸರಿಮಾಡಿಕೊಂಡು ಕೂತೆ.